ಕಾಫಿ ಕಣದ ಹೆಜ್ಜೆ

ನಮ್ಮ ಭಜನಾ ಮಂಡಳಿಯ ಕೋಲಾಟದಲ್ಲಿ ಎಲ್ಲರೂ ಮೆಚ್ಚುವ ಒಂದು ಮಟ್ಟು ಇದೆ. ಅದನ್ನು ಮಂಡಳಿಗೆ ಕಲಿಸಿದವಳು ನಾನು. ಮಗ್ಗೆಯ ಹತ್ತಿರದ ನಮ್ಮೂರಿನಲ್ಲಿ ಸೋಮವಾರ ಸಂಜೆ ಈಶ್ವರನ ಗುಡಿಯ ಮುಂದೆ ಹನ್ನೆರಡು ಜನ ಹೆಂಗಸರು ಸೇರುತ್ತೇವೆ. ಮೊದಲು ಭಜನೆ, ಆಮೇಲೆ ಕೋಲು. ಮಂಡಿ ನೋವಿನವರು ಕಟ್ಟೆಯ ಮೇಲೆ ಕೂತು ತಾಳ ಹಾಕುತ್ತಾರೆ. ನನ್ನ ಮಂಡಿ ಇನ್ನೂ ನನ್ನ ಮಾತು ಕೇಳುತ್ತದೆ. ಶಿವ ಅಷ್ಟಾದರೂ ಕೊಟ್ಟಿದ್ದಾನಲ್ಲ ಎಂದು ದೀಪ ಹಚ್ಚುವಾಗ ದಿನವೂ ನೆನೆಯುತ್ತೇನೆ.

ಹೋದ ಕಾರ್ತಿಕದಲ್ಲಿ ಕಾಲೇಜಿನ ಮೇಡಂ ಒಬ್ಬರು ಬಂದರು. ಹಳ್ಳಿಯ ಕುಣಿತದ ಹಾಡುಗಳು ಎಲ್ಲಿ ಹುಟ್ಟಿದವು, ಯಾರಿಂದ ಯಾರಿಗೆ ದಾಟಿದವು ಎಂದು ಹುಡುಕಿ ಬರೆಯುವುದು ಅವರ ಕೆಲಸ. ನಮ್ಮ ಕೋಲಾಟವನ್ನು ಫೋನಿನಲ್ಲಿ ಹಿಡಿದುಕೊಂಡರು. ಈ ಮಟ್ಟಿನಲ್ಲಿ ಎರಡು ಕೋಲು ಹೊಡೆದ ಮೇಲೆ ಬಲಗಾಲನ್ನು ಎತ್ತುವುದಿಲ್ಲ, ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯುತ್ತೇವೆ. ಬೇರೆ ಯಾವ ಕೋಲಾಟದಲ್ಲೂ ಈ ಹೆಜ್ಜೆ ಕಂಡಿಲ್ಲ, ಇದು ಎಲ್ಲಿಯದು ಎಂದು ಅವರು ಕೇಳಿದರು.

"ನಮ್ಮಜ್ಜಿದು ಮೇಡಂ," ಎಂದೆ. "ತವರಲ್ಲಿ ಪೂಜೆ ಹೊತ್ತಿಗೆ ಹಾಡ್ತಿದ್ರು. ಕಾಲು ಎಳೆಯೋದು ಅಂದ್ರೆ ದೇವರ ಮುಂದಿನ ಧೂಳು ಗುಡಿಸೋದು. ಅದರ ಜೊತೆ ನಮ್ಮ ಅಹಂಕಾರನೂ ಗುಡಿಸಿದ ಹಾಗೆ."

ಅವರು ಬರೆದುಕೊಂಡರು. ಪಕ್ಕದ ಮನೆಯಾಕೆ, "ನೋಡ್ರೀ, ಇಷ್ಟು ವರ್ಷ ಕುಣಿದ್ವಿ, ಅರ್ಥನೇ ಗೊತ್ತಿರ್ಲಿಲ್ಲ ಕಣ್ರೀ," ಎಂದು ನನ್ನ ಕೈ ಹಿಡಿದಳು. ಅರ್ಥ ನನಗೂ ಗೊತ್ತಿರಲಿಲ್ಲ. ನಿಂತ ನಿಲುವಿನಲ್ಲಿ ಕಟ್ಟಿ ಹೇಳಿದ್ದೆ. ಮನೆಗೆ ಬಂದು ಅನ್ನಕ್ಕೆ ಇಡುವ ಹೊತ್ತಿಗೆ ನಾನೇ ಅದನ್ನು ನಂಬಿದ್ದೆ.

ಎರಡು ವಾರ ಬಿಟ್ಟು ಮೇಡಂ ಫೋನು ಮಾಡಿದರು. ಹೊಂಗಡಹಳ್ಳದ ಕಡೆ ಒಂದು ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಮನೆಗಳ ಸಾಲಿನಲ್ಲಿ, ವಯಸ್ಸಾದ ಹೆಂಗಸೊಬ್ಬರು ಇದೇ ಮಟ್ಟನ್ನು ಹಾಡಿದರಂತೆ. "ನಿಮ್ಮ ತವರೂ ಆ ಕಡೆನೇ ಅಲ್ವಾ? ದೊಡ್ಡವರನ್ನ ಒಂದು ಮಾತು ಕೇಳಿ ಹೇಳ್ತೀರಾ? ಪುಸ್ತಕಕ್ಕೆ ನಿಮ್ಮಜ್ಜಿ ಹಾಡು ಅಂತಲೇ ಹಾಕ್ತಿದೀನಿ."

ನನಗೆ ಸಿಟ್ಟು ಬಂತು. ನಮ್ಮ ಮನೆಯ ಹಾಡನ್ನು ಲೈನಿನವರು ಕದ್ದರು ಎಂದೇ ಅಂದುಕೊಂಡೆ. ಹಾಗೆ ಅಂದುಕೊಂಡೆ ಎಂದು ಬರೆಯುವಾಗ ಕೈ ಹಿಂದೆಗೆಯುತ್ತದೆ, ಆದರೂ ಬರೆಯುತ್ತೇನೆ. ಅಜ್ಜಿಯ ಹೆಸರು ಗಟ್ಟಿ ಮಾಡಿಕೊಂಡು ಬರಲು ಆ ವಾರವೇ ಹೊರಟೆ. ಸಕಲೇಶಪುರದಲ್ಲಿ ಇಳಿಯುತ್ತಿದ್ದ ಹಾಗೆ ಬಿಸಿಲೆ ಕಡೆಯ ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಶಿವ ನನ್ನ ಕಡೆಗೇ ಇದ್ದಾನೆ ಎಂದು ಹಣೆ ಮುಟ್ಟಿಕೊಂಡೆ.

ತವರಿನಲ್ಲಿ ಈಗ ಉಳಿದಿರುವ ಹಿರಿಯರೆಂದರೆ ದೊಡ್ಡಮ್ಮ, ನಮ್ಮಪ್ಪನ ಅಣ್ಣನ ಹೆಂಡತಿ. ಎಂಬತ್ತು ದಾಟಿದೆ, ಕಿವಿ ಚುರುಕು. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೂತು ಹಾಡಿ ತೋರಿಸಿ, ಅಜ್ಜಿ ಹಾಡುತ್ತಿದ್ದದ್ದು ಜ್ಞಾಪಕ ಇದೆಯಾ ಎಂದೆ.

"ನಿಮ್ಮಜ್ಜಿಯಾ?" ದೊಡ್ಡಮ್ಮ ನಕ್ಕರು. "ನಿಮ್ಮಜ್ಜಿ ಬಾಯಲ್ಲಿ ಬೈಗಳ ಬಿಟ್ರೆ ಇನ್ನೇನೂ ಬಂದಿದ್ದು ನಾ ಕಾಣೆ ಕಣೇ."

"ಪೂಜೆ ಹೊತ್ತಲ್ಲಿ..."

"ಪೂಜೆ ಹೊತ್ತಲ್ಲೂ ಬೈತಿತ್ತು. ಎಲ್ಲಿ, ಎದ್ದು ಕುಣಿ ನೋಡಾನ."

ಎದ್ದು ಎರಡು ಸುತ್ತು ಹಾಕಿದೆ. ಬಲಗಾಲು ಎಳೆದಾಗ ದೊಡ್ಡಮ್ಮನ ಕೈ ಅವರೆಕಾಯಿಯ ಮೇಲೆ ನಿಂತುಬಿಟ್ಟಿತು.

"ಅಯ್ಯೋ, ಅದು ಕಾಫಿ ಎಳಿಯೋ ಕಾಲಲ್ವೇನೇ? ಕಣದಲ್ಲಿ ಹಣ್ಣು ಒಣಗಾಕಿ ಕಾಲಲ್ಲಿ ಸಾಲು ಎಳೀತಿರ್ನಿಲ್ವಾ ಲೈನಿನೋರು. ಎದುರಿಗೆ ನಿಂತ್ಕಂಡು, ಹಾಡು ಹೇಳ್ಕಂಡು. ನಮ್ಮ ಅಂಗಳ ಸಾರಿಸ್ತಿದ್ಲಲ್ಲ, ನಿನಗೆ ಕಲಿಸಿದ್ದು ಅವಳೇಯ. ಮರ್ತುಬುಟ್ಯಾ? ಮೀನಿನ ಗಲಾಟೆ ಆಗಲಿಲ್ವಾ ಅವಳದ್ದು?"

ಮರೆತಿರಲಿಲ್ಲ. ಮೇಲೆ ಏನೇನೋ ಹೇರಿ ಇಟ್ಟಿದ್ದೆ, ಅಷ್ಟೆ.

ಆಗ ನನಗೆ ಒಂಬತ್ತು ವರ್ಷ. ನಮ್ಮ ತೋಟ ದೊಡ್ಡದಲ್ಲ, ಲೈನಿನಲ್ಲಿ ಮೂರೇ ಮನೆ. ಅದರಲ್ಲೊಂದು ಮನೆಯ ಹೆಂಗಸು ಬೆಳಿಗ್ಗೆ ನಮ್ಮ ಅಂಗಳ ಸಾರಿಸಿ, ಆಮೇಲೆ ಕಣದ ಕೆಲಸಕ್ಕೆ ಹೋಗುತ್ತಿದ್ದಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳನ್ನು ನಾನು "ಬಾರೇ, ಹೋಗೇ" ಎನ್ನುತ್ತಿದ್ದೆ. ಮನೆಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಕಣದಲ್ಲಿ ಅವಳ ಹಿಂದೆ ನಿಂತು ನಾನೂ ಕಾಲು ಎಳೆಯುತ್ತಿದ್ದೆ. "ಎಳಿ ಎಳಿ ಕಾಲೇ, ಬಿಸಿಲು ಜಾರ್‍ತಾ ಐತೆ" ಎಂದು ಅವಳು ಹೇಳಿದರೆ ಎದುರು ಸಾಲಿನವರು ಅದನ್ನೇ ತಿರುಗಿ ಹೇಳುತ್ತಿದ್ದರು. ಮಂಡಳಿಗೆ ಕಲಿಸುವಾಗ ಆ ಜಾಗಕ್ಕೆ "ಹರ ಹರ ಶಿವನೇ, ಕೈಯ ಬಿಡಬ್ಯಾಡ" ಎಂದು ಕೂರಿಸಿದವಳು ನಾನೇ.

ಒಂದು ಮಧ್ಯಾಹ್ನ ಅವಳ ಹಿಂದೆಯೇ ಲೈನಿಗೆ ಹೋದೆ. ಅವಳು ರೊಟ್ಟಿಯ ಜೊತೆ ಒಣಮೀನಿನ ಚಟ್ನಿ ಹಾಕಿಕೊಂಡು ಉಣ್ಣುತ್ತಿದ್ದಳು. ನಮ್ಮದು ಲಿಂಗ ಕಟ್ಟುವ ಮನೆ, ಮೀನು ಎಂಬ ಮಾತನ್ನೂ ಒಳಗೆ ಆಡುವ ಹಾಗಿರಲಿಲ್ಲ. ನನಗೆ ಒಂದು ಚೂರು ಬೇಕು ಎಂದೆ. ಬೇಡ ಎಂದಳು. ಮತ್ತೆ ಕೇಳಿದೆ, ಬೇಡ ಎಂದಳು. ಮೂರನೆಯ ಸಲ, "ಬ್ಯಾಡ ಮಗಾ, ನಿಮ್ಮವ್ವ ನನ್ನ ಸುಮ್ನೆ ಬುಡಾಕಿಲ್ಲ," ಎಂದು ತಟ್ಟೆಯನ್ನು ಆಚೆ ಸರಿಸಿದಳು. ನಾನು ಕೈ ಹಾಕಿ ಎತ್ತಿ ಬಾಯಿಗೆ ಹಾಕಿಕೊಂಡೆ.

ಮನೆಗೆ ಬಂದಾಗ ಅಮ್ಮನಿಗೆ ವಾಸನೆ ಸಿಕ್ಕಿತು. ಬೆತ್ತ ಕೈಗೆ ಬರುವ ಮೊದಲೇ ನಾನು ಹೇಳಿಬಿಟ್ಟೆ: "ಅವಳೇ ಕರ್‍ಕೊಂಡು ಹೋಗಿ ಬಾಯಿಗೆ ತುರುಕಿದ್ಲು."

ನನಗೆ ತಲೆ ಮೇಲೆ ನೀರು ಹುಯ್ದು, ವಿಭೂತಿ ಹಚ್ಚಿ, ದೇವರ ಕೋಣೆಯಲ್ಲಿ ಕೂರಿಸಿದರು. ಒಂದು ಏಟೂ ಬೀಳಲಿಲ್ಲ. ಅವಳನ್ನು ಅಂಗಳಕ್ಕೆ ಕರೆಸಿ ಅಪ್ಪ, ಅಜ್ಜಿ ಇಬ್ಬರೂ ಅಂದದ್ದು ಒಳಗೆ ಕೇಳುತ್ತಿತ್ತು. ಅವಳು ಏನು ಹೇಳಿದಳೋ, ಅವಳ ದನಿ ಮಾತ್ರ ನನಗೆ ಕೇಳಲಿಲ್ಲ. ಮರುವಾರ ಲೈನಿನ ಆ ಮನೆ ಖಾಲಿಯಾಗಿತ್ತು. ಏಟು ತಪ್ಪಿದ್ದು ದೇವರ ದಯೆ ಎಂದು ನಾನು ಆವತ್ತು ಕೈ ಮುಗಿದಿದ್ದೆ. ನಾನು ಎಣಿಸುವ ದಯೆಗಳಲ್ಲಿ ಬಹುಶಃ ಅದೇ ಮೊದಲನೆಯದು. ಇದನ್ನು ಯೋಚಿಸಿದರೆ ಈಗ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಮೇಡಂ ಫೋನಿನಲ್ಲಿ ಅಂದದ್ದನ್ನು ತಿಳಿಸಿದಾಗ, ಅವಳು ಈಗಿರುವುದು ಆ ಎಸ್ಟೇಟಿನಲ್ಲೇ, ಹಾಡು ಹೇಳಿದ ಹೆಂಗಸು ಅವಳೇ ಇರಬೇಕು ಎಂದರು ದೊಡ್ಡಮ್ಮ. ಎಸ್ಟೇಟು ಎರಡು ಮೈಲಿ. ಬಸ್ಸಿಗೆ ಕಾಯದೆ ನಡೆದೆ. ಹೋಗದೆ ಹಾಗೆಯೇ ಊರಿಗೆ ಬರಬಹುದಿತ್ತು, ಅಜ್ಜಿಯದೇ ಎಂದರೆ ಮೇಡಂ ನಂಬುತ್ತಿದ್ದರು. ದಾರಿಯುದ್ದಕ್ಕೂ ಅದೇ ಲೆಕ್ಕ ಹಾಕುತ್ತಿದ್ದೆ.

ಲೈನಿನ ಕೊನೆಯ ಮನೆಯ ಮುಂದೆ ಅವರು ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಮಗಳು ಅಕ್ಕಿ ಕೇರುತ್ತಿದ್ದಳು, ನನ್ನದೇ ವಯಸ್ಸು.

"ಯಾರ ಮನೇರು ಅವ್ವಾ?"

ಮನೆ ಹೇಳಿದೆ. ಬಿಸಿಲಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು.

"ಓ! ಮೀನಿನ ಚಟ್ನಿ ಮಗ!" ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಕುಣಿಯಾಕೆ ಬತ್ತಿರ್ನಿಲ್ಲ ಕಣವ್ವ ನಿಂಗೆ. ಹಣ್ಣೆಲ್ಲ ಕಣದಿಂದಾಚೆಗೆ ಒದಿತಿದ್ದೆ."

ಹಾಡು ಎಲ್ಲಿಂದ ಬಂತು ಎಂದು ಕೇಳಿದೆ. ಎಡಕುಮೇರಿ ಕಡೆ ರೈಲಿಗೆ ದಾರಿ ಕಡಿಯುವಾಗ ಅವರ ತಾಯಿ ಕಲ್ಲು ಹೊರಲು ಹೋಗುತ್ತಿದ್ದರಂತೆ. "ಯಾವ ಸೀಮೆಯಿಂದಲೋ ಬಂದಿದ್ರು ಹೆಂಗಸ್ರು. ಅವರ ಮಾತೇ ತಿಳೀತಿರ್ನಿಲ್ಲ, ರಾಗ ತಿಳೀತಿತ್ತು. ನಮ್ಮವ್ವ ರಾಗ ತಂತು. ಮಾತು, ಕಾಲು ನಾವು ಕಣದಲ್ಲಿ ಹಾಕ್ಕಂಡ್ವಿ."

ಹಾಗಾದರೆ ಇದು ಯಾರದೂ ಅಲ್ಲ, ಎಲ್ಲರದೂ ಎಂದು ಒಳಗೊಂದು ದನಿ ಹೇಳಿತು. ಎಷ್ಟು ಬೇಗ ಹೇಳಿತು! ಹಾಗೆಂದುಕೊಂಡು ಹೊರಟುಬಿಡಬಹುದಿತ್ತು. ನಾನು ಹೊರಡಲಿಲ್ಲ. ಅಜ್ಜಿಯದೆಂದು ಬರೆಸಿದ್ದನ್ನು ಹೇಳಿದೆ. ಆವತ್ತು ಅಮ್ಮನ ಮುಂದೆ ಸುಳ್ಳು ಹೇಳಿದ್ದನ್ನೂ ಹೇಳಿ, ತಪ್ಪಾಯಿತು ಎಂದು ಅವರ ಕಾಲಿಗೆ ಕೈ ನೀಡಿದೆ. ಅವರು ಕಾಲು ಮಡಚಿಕೊಂಡರು.

"ನಂಗೊತ್ತು ಬುಡು ನೀನು ಸುಳ್ಳು ಹೇಳಿದ್ದು. ನಂಗೆ ಹೇಳಿ ಏನು ಬಂತು? ಇವಳಿಗೆ ಹೇಳು," ಎಂದು ಮಗಳ ಕಡೆ ತೋರಿಸಿದರು. "ಸ್ಕೂಲು ಬುಡಿಸ್ಕಂಡು ಗಂಟು ಕಟ್ಕಂಡು ಹೋದ್ವಲ್ಲ, ಇವತ್ತಿಗೂ ನನ್ನೇ ಬೈತಾಳೆ. ಆ ಮಗೀಗೆ ಯಾಕವ್ವ ತಿನ್ನಿಸ್ದೆ ಅಂತಾಳೆ."

ಮಗಳು ಮೊರ ಕೆಳಗಿಟ್ಟಳು. ನಾನು ಅವಳ ಕಡೆ ತಿರುಗಿ ಮೊದಲಿನಿಂದ ಹೇಳಿದೆ: ನಾನು ಮೂರು ಸಲ ಕೇಳಿದ್ದು, ಅವರು ಮೂರು ಸಲ ಬೇಡವೆಂದದ್ದು, ನಾನೇ ಕೈ ಹಾಕಿದ್ದು. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ನಾನಾಗ ಮೂರನೇ ಕ್ಲಾಸು," ಎಂದಷ್ಟೇ ಹೇಳಿ, ತಾಯಿಯ ಬೆನ್ನ ಮೇಲೆ ಕೈಯಿಟ್ಟು ಕೂತಳು. ನನಗೆ ಹೋಗಿ ಎಂದು ಅವರು ಹೇಳಲಿಲ್ಲ, ಕೂತ್ಕೊಳ್ಳಿ ಎಂದೂ ಹೇಳಲಿಲ್ಲ. ಅಲ್ಲಿಯೇ ನಿಂತು ಮೇಡಂಗೆ ಫೋನು ಮಾಡಿ, ಅಜ್ಜಿಯ ಹೆಸರು ತೆಗೆಯಿರಿ, ಧೂಳು ಗುಡಿಸುವ ಮಾತನ್ನೂ ತೆಗೆಯಿರಿ ಎಂದೆ.

ಮುಂದಿನ ಸೋಮವಾರ ಗುಡಿಯ ಮುಂದೆ ಇದಿಷ್ಟನ್ನೂ ಹೇಳಿದೆ. ಆಮೇಲೆ ಪಕ್ಕದ ಮನೆಯಾಕೆ ಮೆಲ್ಲಗೆ, "ಹಂಗಾರೆ ಇದನ್ನ ದೇವರ ಮುಂದೆ ಕುಣಿಬೋದೇನ್ರೀ?" ಎಂದಳು.

ನನಗೆ ಸಿಟ್ಟು ಬರಲಿಲ್ಲ. ತಿಂಗಳ ಹಿಂದೆ ಬೇರೆ ಯಾರಾದರೂ ಬಂದು ಹೀಗೆ ಹೇಳಿದ್ದರೆ ಆ ಪ್ರಶ್ನೆ ಕೇಳುವವಳು ನಾನೇ ಆಗಿರುತ್ತಿದ್ದೆ.

"ನಾನು ಕುಣಿತೀನಿ," ಎಂದೆ. "ಅವರ ಮಾತಲ್ಲೇ ಹಾಡ್ತೀನಿ. ಬರೋರು ಬನ್ನಿ."

ಐದು ಜನ ಎದ್ದರು. ಉಳಿದವರು ಕಟ್ಟೆಯ ಮೇಲೆಯೇ ಕೂತರು, ತಾಳವನ್ನೂ ಹಾಕಲಿಲ್ಲ. ಕಣದ ಮಾತುಗಳನ್ನು ಹಾಡುತ್ತ ಹೋದೆ. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಮುಂದಿನದು ನೆನಪಾಗಲಿಲ್ಲ. ಅದನ್ನು ಕಲಿಯುವ ಮೊದಲೇ ಸುಳ್ಳು ಹೇಳಿ ಅವರನ್ನು ತೋಟದಿಂದ ಕಳಿಸಿದ್ದೆನಲ್ಲ. ಆರೂ ಜನ ಕೋಲು ಹಿಡಿದು ಸುಮ್ಮನೆ ನಿಂತೆವು.