ಸಾಮಿ ಬಟನ್ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳು ಸದಾ ಹಳದಿ. ಮನೆಯಲ್ಲಿ ಅರಿಶಿನ ಬೇಯಿಸಿ ಒಣಗಿಸುವ ಕಾಲ ಬಂತೆಂದರೆ ಅವಳ ಫೋನಿನ ಗಾಜೂ ಹಳದಿ. "ನಿನ್ ಫೋನ್ಗೆ ಮದ್ವೆ ಗೊತ್ತಾಗ್ಯದಾ ಅಕ್ಕ?" ಎಂದು ರೇಗಿಸಿದರೆ, "ನಿಂಗಿಂತ ಮೊದ್ಲು ಅದ್ಕೇ ಆಗ್ಲಿ ಬುಡು" ಎನ್ನುತ್ತಿದ್ದಳು.

ಅವಳು ಪಣಕಹಳ್ಳಿಯವಳು, ಕಾಲೇಜಿನಲ್ಲಿ ನನಗಿಂತ ಮುಂದಿನ ತರಗತಿ, ಓದುತ್ತಿದ್ದದ್ದು ಕಂಪ್ಯೂಟರ್. ನನ್ನೂರು ತಿಗನಾರೆ. ಇಬ್ಬರದೂ ಒಂದೇ ಕಾಲೇಜು ಬಸ್ಸು. ಬಸ್ಸು ಎಲ್ಲಿದೆಯೆಂದು ತೋರಿಸಲು ಒಂದು ಆ್ಯಪ್ ಇತ್ತು, ಅದರ ತುಂಬ ಮ್ಯಾಪು. ನಮ್ಮ ಕಡೆಯ ಸಿಗ್ನಲ್‌ಗೆ ಅದು ತೆರೆದುಕೊಳ್ಳುವಷ್ಟರಲ್ಲಿ ಬಸ್ಸೇ ಹೋಗಿರುತ್ತಿತ್ತು. ಹಾಗಾಗಿ ನಾನೂ ಗೆಳತಿಯೊಬ್ಬಳೂ ಬೆಳಗಿನ ಮಂಜಿನಲ್ಲಿ ಮೊದಲೇ ಬಂದು, ಕಾಡಿನಂಚಿನ ಹುಣಸೆಮರದ ಕೆಳಗೆ ಕಾಯಬೇಕಿತ್ತು. ಹೊಲ ಮೇಯ್ದ ಆನೆಗಳು ಕಾಡಿಗೆ ಮರಳುವ ಹೊತ್ತೂ ಅದೇ. ಒಮ್ಮೆ ಒಂದು ಎದುರಾಗಿಯೂ ಇತ್ತು. "ಇನ್ನೊಂದ್ಸಲ ಏನಾರ ಎದುರಾದ್ರೆ ಕಾಲೇಜು ಸಾಕು" ಎಂದು ಅಪ್ಪ ಹೇಳಿಬಿಟ್ಟಿದ್ದ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಕ್ಕ ಈ ಆ್ಯಪನ್ನೇ ಕೇಳಿ ತೆಗೆದುಕೊಂಡಳು. ಬಸ್ಸಿನಲ್ಲಿ ಒಬ್ಬೊಬ್ಬರ ಪಕ್ಕ ಕೂತು, "ನಿಂಗೆ ಭಯ ಆಗೋದು ಯಾವಾಗ ಅಂತ ಏಳು" ಎಂದು ಕೇಳಿದಳು. ಮ್ಯಾಪು ಹೋಯಿತು. ಆ ಜಾಗದಲ್ಲಿ ದಪ್ಪ ಅಕ್ಷರದ ಒಂದೇ ಸಾಲು: 'ಬಸ್ಸು ಪಣಕಹಳ್ಳಿ ಬುಟ್ಟದೆ'. ಅದನ್ನು ನೋಡಿ ಮನೆಯಿಂದ ಹೊರಟರೆ ಸಾಕು. ಜೊತೆಗೊಂದು ಕೆಂಪು ಬಟನ್, 'ಆನೆ'. ಒತ್ತಿದರೆ ಡ್ರೈವರಣ್ಣನಿಗೂ ಉಳಿದ ಹುಡುಗಿಯರಿಗೂ ಸುದ್ದಿ. ಯಾರೂ ಹೊರಗೆ ಬರಬೇಕಿಲ್ಲ, ಬಸ್ಸೇ ಊರೊಳಕ್ಕೆ ಬರುತ್ತದೆ.

ಆ ವಾರವೇ ಒಂದು ಮುಂಜಾನೆ ನಮ್ಮ ಹಿತ್ತಲಾಚೆಯ ಜೋಳದ ಹೊಲದಲ್ಲಿ ಆನೆ ನಿಂತಿತ್ತು. ಒತ್ತಲು ಬೆರಳೆತ್ತಿದೆ. ಅಪ್ಪ ಕೈ ಹಿಡಿದ.

"ಬೆಳಿಗ್ಗೆ ಎದ್ದೇಟ್ಗೆ ಅದ್ರ ಎಸ್ರು ಎತ್ಬ್ಯಾಡ ಕಣವ್ವ, ಕರ್ದಂಗಾಯ್ತದೆ."

ಹೆಸರೆತ್ತಿದರೆ, ಬಟನ್ನಿನಲ್ಲಾದರೂ ಸರಿ, ಅದು ಹತ್ತಿರ ಬಂದೇಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ನಾನು ಒತ್ತಲಿಲ್ಲ. ಏನೂ ತಿಳಿಯದ ಗೆಳತಿ ಹುಣಸೆಮರದವರೆಗೆ ಬಂದು, ಅದನ್ನು ಕಂಡು, ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಅಪ್ಪ ಅಂದೇ ನನ್ನ ಕಾಲೇಜು ನಿಲ್ಲಿಸಿದ. ನಾನು ಊಟ ಬಿಟ್ಟು ಅತ್ತೆ.

ಸಂಜೆ ಅಕ್ಕ ಮನೆಗೆ ಬಂದಳು. ವಾದ ಮಾಡಲಿಲ್ಲ. ಜಗಲಿಯಲ್ಲಿ ಕೂತು, "ಮಾವ, ನೀವು ಅದ್ಕೆ ಏನಂತೀರಿ?" ಎಂದು ಕೇಳಿದಳು.

"ಸಾಮಿ ಅಂತೀವಿ ಕಣವ್ವ."

ಅಕ್ಕ ಹಣೆ ಚಚ್ಚಿಕೊಂಡಳು. "ನಮ್ಮವ್ವನೂ ಅಂಗೇ ಅನ್ನೋದು! ನಾನೊಬ್ಳು ದಡ್ಡಿ, ಪೇಟೆಯೋರಂಗೆ ಬರ್ದಿವ್ನಿ."

ಮರುದಿನಕ್ಕೆ ಬಟನ್ ಮೇಲೆ 'ಸಾಮಿ' ಬಂದಿತ್ತು. ಆ ಸಂಜೆ ಹೋಗುವ ಮುಂಚೆಯೇ ಅಕ್ಕ ಅಪ್ಪನ ಫೋನಿಗೂ ಆ್ಯಪ್ ಹಾಕಿದ್ದಳು. "ಒತ್ತೋ ಕೆಲ್ಸ ನಿಮ್ದು ಮಾವ. ನೀವು ಒತ್ನಿಲ್ಲ ಅಂದ್ರೆ ಇವ್ಳು ಒರಡ್ಲಿ." ಅಪ್ಪ ಸಿಕ್ಕಿಬಿದ್ದ. ನಾನು ಬಸ್ಸು ಹತ್ತಿದೆ.

ನನ್ನ ಡಿಗ್ರಿಯೂ ಮುಗಿಯಿತು. ಅಕ್ಕ ಈಗ ಹಾಸನೂರಿನ ಸೊಸೆ, ಅಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಅವಳ ಋಣ ತೀರಿಸುವ ದಾರಿ ನನಗಿನ್ನೂ ತಿಳಿದಿಲ್ಲ. ಅಪ್ಪನಿಗೆ ತಿಳಿದಂತಿದೆ. ನಾನು ಬಸ್ಸಿಗೆ ಹೋಗುವುದು ನಿಂತ ಮೇಲೂ ಅವನು ದಿನಾ ಬೆಳಿಗ್ಗೆ ಫೋನು ಹಿಡಿದು ಹಿತ್ತಲಿಗೆ ಹೋಗುತ್ತಾನೆ. ಇನ್ನೂ ಯಾಕಪ್ಪಾ ಎಂದರೆ, ಜೋಳದ ಹೊಲದಿಂದ ಕಣ್ಣು ತೆಗೆಯದೆಯೇ ಹೇಳುತ್ತಾನೆ:

"ಸುಮ್ಕಿರವ್ವ. ಎಣ್ಮಕ್ಳು ಬಸ್ಗೆ ಒರಡೋ ಒತ್ತು ಇದು."