ಎಡಕ್ಕೆ ಎಳೆಯುತ್ತಿದ್ದ ಸ್ಟೇರಿಂಗ್

ತೊಂಬತ್ತರ ದಶಕದ ಮಾತು. ಒಂಬತ್ತನೇ ಇಯತ್ತೆಯ ಪುಸ್ತಕ ಕೊಳ್ಳಲು ಅಪ್ಪ ನನ್ನನ್ನು ಬೇಡಕಿಹಾಳದಿಂದ ನಿಪ್ಪಾಣಿಗೆ ಕರೆದುಕೊಂಡು ಹೋಗಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ವಿಡಿಯೊ ಗೇಮ್ ಅಂಗಡಿಯೊಂದಿತ್ತು. ಅಲ್ಲಿ ಕುಳಿತು ಕಾರು ಓಡಿಸುವ ಯಂತ್ರವಿದೆಯೆಂದು ಅಣ್ಣ ಒಂದು ತಿಂಗಳಿನಿಂದ ಕೊಚ್ಚಿಕೊಳ್ಳುತ್ತಿದ್ದ. ನಾನೂ ಆಡಬೇಕೆಂದು ಹಟ ಹಿಡಿದೆ.

ಅಂಗಡಿಯವನು ನನ್ನನ್ನು ನೋಡಿದವನೇ, "ಇದು ಹುಡುಗ್ಯಾರ ಆಟ ಅಲ್ರಿ" ಅಂದ.

"ಸ್ಟೇರಿಂಗಿಗೆ ಗಂಡು ಹೆಣ್ಣು ಗೊತ್ತಾಗತೈತೇನ್ರಿ?" ಅಂದ ಅಪ್ಪ. ತಂಬಾಕಿನ ಲಾರಿ ಓಡಿಸುತ್ತಿದ್ದವನು ಅವನು. ಕೊಲ್ಲಾಪುರ, ಸಾಂಗಲಿ, ಮುಂಬೈವರೆಗೂ ಹೋಗಿಬರುತ್ತಿದ್ದ. ಒಮ್ಮೆಯೂ ಯಾರ ಗಾಡಿಗೂ ತಾಗಿಸಿದವನಲ್ಲ.

ಮೊದಲು ಅವನೇ ಕುಳಿತ. ಆಟ ಚೆಂದವಿತ್ತು, ಸುಳ್ಳು ಹೇಳಲಾರೆ. ಒಂದು ಬದಿಗೆ ಸಮುದ್ರ, ಎದುರಿಗೆ ಏರುತ್ತ ಇಳಿಯುತ್ತ ಬರುವ ರಸ್ತೆ. ಪೆಡಲ್ ಒತ್ತಿದರೆ ಸೀಟಿನ ಕೆಳಗೆಲ್ಲ ಎಂಜಿನ್ನಿನ ಗುರುಗುಟ್ಟುವಿಕೆ. ಪಕ್ಕದಲ್ಲಿ ನಿಂತಿದ್ದ ನನ್ನ ಕಾಲಿಗೂ ಅದು ಹತ್ತಿತು. ಆದರೆ ಮೊದಲನೇ ತಿರುವಿನಲ್ಲೇ ಕಾರು ಕಂಬಕ್ಕೆ ಹೊಡೆದು ಮೂರು ಪಲ್ಟಿ ಹೊಡೆಯಿತು. ಮರುಗಳಿಗೆ ಗೀರೂ ಇಲ್ಲದೆ ರಸ್ತೆಯ ಮೇಲೆ ಎದ್ದು ನಿಂತಿತು.

"ಹಿಂಗ ಬಿದ್ದ ಮ್ಯಾಲ ಯಾವ ಡ್ರೈವರ್ ಎದ್ದು ಹೊಂಟಾನ? ಹಾರ್ನ್ ಎಲ್ಲೈತ್ರಿ ಇದಕ್ಕ?" ಅಪ್ಪ ನಿಜವಾಗಿಯೇ ಕೇಳಿದ್ದ.

ಹಿಂದೆ ನಿಂತಿದ್ದ ಕಾಲೇಜು ಹುಡುಗರು ಬಿದ್ದು ಬಿದ್ದು ನಕ್ಕರು. ಮೂರು ಸಲ ಆಡಿದ, ಮೂರು ಸಲವೂ ಅದೇ ಕಂಬ. ಇವನು ಡ್ರೈವರೋ ಎತ್ತಿನ ಗಾಡಿಯವನೋ ಎಂದು ಒಬ್ಬ ಮರಾಠಿಯಲ್ಲಿ ಕೇಳಿದ. ನಮಗೇನು ಮರಾಠಿ ಬರುವುದಿಲ್ಲವೇ? ನನ್ನ ಕಿವಿ ಕಾದವು.

ಅಪ್ಪ ಅತ್ತ ನೋಡಲೂ ಇಲ್ಲ. ಸ್ಟೇರಿಂಗ್ ಚಕ್ರವನ್ನು ನಟ್ಟನಡುವೆ ಹಿಡಿದು ನೇರ ರಸ್ತೆಯಲ್ಲಿ ನಿಧಾನ ಓಡಿಸಿ ನೋಡಿದ. ಕಾರು ತಾನಾಗಿಯೇ ಎಡಕ್ಕೆ ಸರಿಯಿತು.

"ಸ್ಟೇರಿಂಗ್ ಎಡಕ್ಕ ಎಳಿಯಾಕತ್ತೈತ್ರಿ. ಸ್ಕ್ರೂಡ್ರೈವರ್ ಕೊಡ್ರಿ, ಬಿಚ್ಚಿ ನೋಡ್ತೀನಿ."

"ಗೊತ್ತೈತ್ರಿ ನನಗ. ನೆಟ್ಟಗ ಮಾಡಿದ್ರ ಒಬ್ಬೊಬ್ಬಾಂವ ಒಂದ ನಾಣ್ಯಾಕ ತಾಸಗಟ್ಲೆ ಕುಂದ್ರತಾನ" ಅಂದ ಅಂಗಡಿಯವನು. ನಾಚಿಕೆ ಎಂಬುದು ಅವನ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ.

ಬೇಕೆಂದೇ ಕೆಡಿಸಿಟ್ಟ ಚಕ್ರ! ಅದನ್ನು ಹಿಡಿದು ಸೋತವರನ್ನು ನೋಡಿ ನಗಲು ಒಂದು ಗುಂಪು. ಕೈಯಲ್ಲಿದ್ದ ಪುಸ್ತಕದ ಕಟ್ಟನ್ನು ಆ ಯಂತ್ರದ ಗಾಜಿನ ಮೇಲೆ ಎಸೆಯಬೇಕೆನ್ನಿಸಿತು. ಅಪ್ಪ ಎದ್ದು ನನ್ನನ್ನು ಸೀಟಿನಲ್ಲಿ ಕೂರಿಸಿದ. ನನ್ನ ಕೈಗಳ ಮೇಲೆ ಕೈ ಇಟ್ಟು ಚಕ್ರವನ್ನು ಎರಡು ಬೆರಳಿನಷ್ಟು ಬಲಕ್ಕೆ ತಿರುಗಿಸಿ, "ಇದ ನಿನ್ನ ನೆಟ್ಟಗ ಅಂತ ತಿಳ್ಕೊ" ಅಂದು ಕೈ ತೆಗೆದ.

ಕಂಬ ದಾಟಿದೆ. ಸಮುದ್ರ ದಾಟಿದೆ. ಸುರಂಗವೂ ಬಂತು. ಸುರಂಗದಿಂದ ಹೊರಬರುವಷ್ಟರಲ್ಲಿ, ಎಲ್ಲಿಂದಲೋ ಬಂದ ಲಾರಿ ಹಿಂದಿನಿಂದ ಗುದ್ದಿತು. ತಪ್ಪು ಅದರದು, ಆಟ ಮುಗಿದದ್ದು ನನ್ನದು. ಇಂಥ ಅನ್ಯಾಯ ಆ ಆಟದಲ್ಲಿ ಬೇಕಾದಷ್ಟಿತ್ತು. ಆದರೆ ಹಿಂದೆ ಯಾರೂ ನಗಲಿಲ್ಲ.

ನಾನು ಏಳುತ್ತಲೇ ಕಾಲೇಜಿನವನೊಬ್ಬ ಕುಳಿತ. "ಎಡಕ್ಕ ಎಳಿತೈತಪಾ, ಬಲಕ್ಕ ಹಿಡ್ಕೊಂಡ ಆಡು" ಎಂದು ಅಪ್ಪ ಅವನಿಗೂ ಹೇಳಿಕೊಟ್ಟ. ಎತ್ತಿನ ಗಾಡಿಯ ಮಾತಾಡಿದ್ದವನು ಅವನೇ. ಅವನ ನಂತರ ಬಂದವರಿಗೂ ಹೇಳಿದ. ಅಂಗಡಿಯವನು, "ಹೊರಗ ನಡೀರಿ ಇನ್ನ" ಎಂದು ಕೂಗುವವರೆಗೂ ಹೇಳುತ್ತಲೇ ನಿಂತಿದ್ದ. ನಮ್ಮೂರಿನ ಬಸ್ಸು ಅಷ್ಟರಲ್ಲಿ ಹೋಗಿಬಿಟ್ಟಿತ್ತು.

ಯಾಕಿಷ್ಟು ತಡವೆಂದು ಅವ್ವ ಕೇಳಿದಾಗ ಅಪ್ಪ, "ಬಸ್ ತಪ್ಪಿತ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ನಾನು ಮಾತ್ರ ಅಣ್ಣನ ಮುಂದೆ ಕುಳಿತು ಎಲ್ಲ ಹೇಳಿದೆ. ಅವನು ಒಂದನ್ನೂ ನಂಬಲಿಲ್ಲ.