ಹುಲೆಪ್ಪನ ಕರಿಹಲಗೆ

ಜಮಖಂಡಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಹನ್ನೊಂದು ವರ್ಷ ಕೂತಿದ್ದ ಕಂಟ್ರೋಲರ್ ಹುಲೆಪ್ಪನ ಬಾಯಲ್ಲಿ ಒಂದೇ ಉತ್ತರವಿತ್ತು: 'ಈಗ ಬರ್ತೈತಿ.' ಬೀಳಗಿ ಬಸ್ಸು ಕೇಳಿದರೂ ಅದೇ, ಬನಹಟ್ಟಿ ಬಸ್ಸು ಕೇಳಿದರೂ ಅದೇ. ಅದು ಸುಳ್ಳೆಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ. ಮನೆಗೆ ಬಂದವರಿಗೆ ಚರಿಗೆಯಲ್ಲಿ ನೀರು ಕೊಟ್ಟಂತೆ ಕೇಳಿದವರಿಗೆ ಒಂದು ಸಮಾಧಾನ, ಅಷ್ಟೆ.

2008ರ ಡಿಸೆಂಬರಿನ ಒಂದು ಮಧ್ಯಾಹ್ನ ಹುನ್ನೂರಿನ ಸಿದ್ದಕ್ಕ ಬಂದಳು. ಅರವತ್ತೈದು ದಾಟಿದ, ಸಕ್ಕರೆ ಕಾಯಿಲೆಯ ಹೆಂಗಸು. ಡಾಕ್ಟರಿಗೆ ತೋರಿಸಿಕೊಂಡು, ಮುಧೋಳದಿಂದ ಬಂದು ಹುನ್ನೂರಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಳು. ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಬೆನ್ನಿಗೆ ಬಸ್ಸುಗಳು ತೆವಳುವ ಕಾಲ. ಹುಲೆಪ್ಪನ ಮಾತು ನಂಬಿ ಆಕೆ ಎರಡು ತಾಸು ಬೆಂಚು ಬಿಟ್ಟೇಳಲಿಲ್ಲ. ರೊಟ್ಟಿ ತಿನ್ನಲಿಲ್ಲ, ಶೌಚಾಲಯಕ್ಕೂ ಹೋಗಲಿಲ್ಲ. ಕೊನೆಗೆ ತಡೆಯಲಾರದೆ ಎದ್ದು ಹೋಗಿ ಬರುವಷ್ಟರಲ್ಲಿ ಬಸ್ಸು ಬಂದು ಹೋಗಿತ್ತು.

ಸಿದ್ದಕ್ಕ ಕಿಟಕಿಯ ಮುಂದೆ ನಿಂತಳು. ಬೈಯಲಿಲ್ಲ.

'ತಮ್ಮಾ, ಬಸ್ ಎಲ್ಲೈತಿ ಅಂತ ನಿನಗ ಗೊತ್ತಿತ್ತೇನು?'

'ಇಲ್ಲ ಬೇ ಯವ್ವಾ.'

'ಗೊತ್ತಿಲ್ಲ ಅನ್ನಾಕ ನಾಲಿಗಿ ಸವೀತಿತ್ತೇನು?'

ಸಂಜೆ ಊಟದ ಹೊತ್ತಿಗೆ ಇದನ್ನು ಹೆಂಡತಿ ಸುವರ್ಣಾಳಿಗೆ ಹೇಳಿದ. ಉತ್ತರ ಕೊಟ್ಟವಳು ಮೂಲೆಯಲ್ಲಿ ಕೂತಿದ್ದ ತಾಯಿ ಮುದಕವ್ವ. ಅವರದು ಕುರಿ ಕಾಯುವ ಮನೆತನ. ಹುಲೆಪ್ಪನ ತಂದೆ ಗೂಳಪ್ಪ ಹಿಂಡು ಹೊಡಕೊಂಡು ಹೋದರೆ ಆರು ತಿಂಗಳು ಊರ ಮುಖ ನೋಡುತ್ತಿರಲಿಲ್ಲ. ದಾರಿಹೋಕರು ಸುದ್ದಿ ತರುತ್ತಿದ್ದರು. ಹಿಂಡು ಯಾವತ್ತು ಬರುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ. ಇಂಥ ಹಳ್ಳ ದಾಟಿತು, ಇಂಥ ಊರ ಹೊಲದಲ್ಲಿ ತಂಗಿತ್ತು, ಇಷ್ಟೇ. ಉಳಿದ ಲೆಕ್ಕವನ್ನು ಮುದಕವ್ವ ಬೆರಳ ಮೇಲೆ ಹಾಕಿ ದೊಡ್ಡಿ ಉಡುಗಿ ಇಡುತ್ತಿದ್ದಳು.

'ಯಾವಾಗ ಬರ್ತೈತಿ ಅನ್ನೂದು ಬೀರಪ್ಪ ದೇವರಿಗೆ ಬಿಡು,' ಎಂದಳು ಮುದಕವ್ವ. 'ಎಲ್ಲಿ ಕಂಡೈತಿ ಅದನ್ನಷ್ಟ ಹೇಳು.'

ಮರುದಿನ ಹುಲೆಪ್ಪ ಮುಧೋಳದಿಂದ ಬರುವ ಅದೇ ಹುನ್ನೂರು ಬಸ್ಸಿನ ಕಂಡಕ್ಟರ್ ಕಾಮಣ್ಣನನ್ನು ಹಿಡಿದ. ಮುಧೋಳ ಬಿಟ್ಟಾಗ ಒಂದು ಮಿಸ್ಡ್ ಕಾಲ್, ಕಾಲುವೆ ಸೇತುವೆ ದಾಟಿದಾಗ ಎರಡನೆಯದು, ಹಣಮಪ್ಪನ ಗುಡಿ ದಾಟಿದಾಗ ಮೂರನೆಯದು. ಇಷ್ಟು ಕೊಟ್ಟರೆ ಸಾಕು ಎಂದ.

'ಕುರಿ ಕಾಯೂ ಬುದ್ಧಿ ಬಿಡಂಗಿಲ್ಲ ನೋಡ ನೀ,' ಎಂದು ಕಾಮಣ್ಣ ನಕ್ಕ.

'ನಿನ್ನ ಬಸ್ ಕುರಿಕಿಂತ ಜೋರ ಯಾವಾಗ ಓಡೈತಿ ಲೇ?'

ಶಾಲೆಯೊಂದು ಬಿಸಾಕಿದ್ದ ಕರಿಹಲಗೆ ಕಿಟಕಿಯ ಪಕ್ಕಕ್ಕೆ ಬಂತು. ಫೋನು ಬಡಿದಂತೆಲ್ಲ ಹುಲೆಪ್ಪ ಒರೆಸಿ ಬರೆಯುತ್ತಿದ್ದ: 'ಮುಧೋಳ ಬಿಟ್ಟಿದೆ', 'ಕಾಲುವೆ ಸೇತುವೆ ದಾಟಿದೆ'. ಕರೆ ಬಾರದ ಬಸ್ಸಿನ ಹೆಸರಿನ ಮುಂದೆ 'ಸುದ್ದಿ ಇಲ್ಲ' ಎಂದೇ ಬರೆದ. ಓದು ಬಂದವರು ಬಾರದವರಿಗೆ ಓದಿ ಹೇಳಿದರು. ತಿಂಗಳೊಳಗೆ ಬೀಳಗಿ, ಬನಹಟ್ಟಿ ಬಸ್ಸುಗಳ ಕಂಡಕ್ಟರರೂ ಸೇರಿಕೊಂಡರು.

ಹೊಸದಾಗಿ ಬಂದ ಮ್ಯಾನೇಜರ್ ನೀಲಕಂಠ ಹಲಗೆಯನ್ನು ಓದಿ ಹುಬ್ಬು ಗಂಟಿಕ್ಕಿದರು. ನಿಲ್ದಾಣದ ಹೊರಗೆ ಬಾಡಿಗೆಯ ಟಂಟಂ ರಿಕ್ಷಾಗಳು ಸಾಲುಗಟ್ಟಿ ಜನರನ್ನು ಕೂಗಿ ಕರೆಯುತ್ತಿದ್ದವು.

'ಬಸ್ ದೂರ ಐತಿ ಅಂತ ನೀನ ಬರದ್ರ ಮಂದಿ ಟಂಟಂ ಹತ್ತಂಗಿಲ್ಲೇನು? ಸಂತಿ ದಿನ ನಾನ ನಿಂತ ನೋಡ್ತೀನಿ. ಮಂದಿ ಹೋದ್ರ, ಹಲಗಿನೂ ಹೋತು.'

ಸಂತೆಯ ದಿನ ಬೆಂಚುಗಳು ತುಂಬಿದ್ದವು. ಹುನ್ನೂರಿನ ಬಸ್ಸಿಗೇ ಐವತ್ತು ಜನ, ನಡುವೆ ಸಿದ್ದಕ್ಕ. ಮೊದಲ ಮಿಸ್ಡ್ ಕಾಲ್ ಬಂತು. ಎರಡನೆಯದರ ಬದಲು ಫೋನು ಬಡಿಯುತ್ತಲೇ ಇತ್ತು. ಹುಲೆಪ್ಪ ಎತ್ತಿದ.

'ಸೇತುವಿ ಮುಂದ ಕಬ್ಬಿನ ಟ್ರೇಲರ್ ಬಿದ್ದೈತಿ,' ಎಂದ ಕಾಮಣ್ಣ. 'ಹಾದಿ ಯಾವಾಗ ಆಕ್ಕೈತೋ ಗೊತ್ತಿಲ್ಲ.'

ನೀಲಕಂಠ ಮೂರು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಸೀಮೆಸುಣ್ಣ ಹಿಡಿದ ಹುಲೆಪ್ಪನ ಕೈ ಒಂದು ಗಳಿಗೆ ತಡೆಯಿತು. ಏನೂ ಬರೆಯದೆ ಕೂತರೂ ಆಗುತ್ತಿತ್ತು. ಈ ಒಂದು ದಿನ ದಾಟಿದರೆ ಹಲಗೆ ಉಳಿಯುತ್ತಿತ್ತು. ಬೆಂಚಿನ ತುದಿಯಲ್ಲಿ ಸಿದ್ದಕ್ಕ ರೊಟ್ಟಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಇವನ ಕೈಯನ್ನೇ ನೋಡುತ್ತಿದ್ದಳು.

ಬರೆದ: 'ಸೇತುವೆ ದಾಟಿಲ್ಲ. ಕಬ್ಬಿನ ಟ್ರೇಲರ್ ಬಿದ್ದಿದೆ.'

ಯಾರೋ ಗಟ್ಟಿಯಾಗಿ ಓದಿದರು. ಜನ ಎದ್ದರು. ಏಳೆಂಟು ಮಂದಿ ನೇರವಾಗಿ ಟಂಟಂ ಕಡೆ ಹೋದರು. ಉಳಿದವರು ಸಂತೆಯೊಳಗೆ ಕರಗಿದರು. ಸಿದ್ದಕ್ಕ ಬೇವಿನ ಮರದ ಕೆಳಗೆ ಗಂಟು ಬಿಚ್ಚಿದಳು.

'ನೋಡಿದೇನು?' ಎಂದರು ನೀಲಕಂಠ, ಖಾಲಿ ಬೆಂಚು ತೋರಿಸಿ.

ಆಮೇಲಿನ ಒಂದು ತಾಸು ಹುಲೆಪ್ಪನ ಪಾಲಿಗೆ ಬಲು ಉದ್ದವಾಗಿತ್ತು. ಆದರೆ ಆ ತಾಸಿನುದ್ದಕ್ಕೂ ಸಂತೆಯಿಂದ, ಚಹಾದಂಗಡಿಯಿಂದ ಒಬ್ಬೊಬ್ಬರೇ ಬಂದು ಹಲಗೆಯತ್ತ ಇಣುಕಿ ಹೋಗುತ್ತಿದ್ದುದನ್ನು ನೀಲಕಂಠರೂ ಕಂಡರು. 'ಸೇತುವೆ ದಾಟಿದೆ' ಎಂದು ಬರೆದ ಮೇಲೆ ಇಣುಕಿದವರು ನಿಂತರು. 'ಗುಡಿ ದಾಟಿದೆ' ಎಂದಾಗ ಚೀಲ, ಬುಟ್ಟಿ ಸಮೇತ ಬೆಂಚುಗಳು ಮತ್ತೆ ತುಂಬಿದವು. ಸಂತೆ ಮುಗಿಸಿದ ಹೊಸಬರೂ ಸೇರಿ ಬಸ್ಸು ಬಾಗಿಲತನಕ ಭರ್ತಿಯಾಯಿತು.

ಬೈಗುಳಕ್ಕೆ ತಯಾರಾಗಿ ಇಳಿದ ಕಾಮಣ್ಣ ಅತ್ತಿತ್ತ ನೋಡಿದ. 'ಯಾಕಪಾ, ಇವತ್ತ ಯಾರೂ ಬೈಲಿಲ್ಲ?'

'ಟ್ರೇಲರ್ ಎತ್ತಿದ್ರೇನೋ ತಮ್ಮಾ?' ಎಂದು ಸಿದ್ದಕ್ಕ, ಅದು ತನ್ನದೇ ಟ್ರೇಲರ್ ಎಂಬಂತೆ ವಿಚಾರಿಸುತ್ತ ಮೆಟ್ಟಿಲು ಹತ್ತಿದಳು.

ಬಸ್ಸು ಹೊರಟ ಮೇಲೆ ನೀಲಕಂಠ ಹಲಗೆಯ ಮುಂದೆ ನಿಂತರು. ಸ್ವಲ್ಪ ಹಿಂದೆ ಸರಿದು ನೋಡಿದರು. ಮತ್ತೆ ಸರಿದು, ಚಹಾದಂಗಡಿಯ ಕಂಬದವರೆಗೂ ಹೋಗಿ ಅಲ್ಲಿಂದ ಕೂಗಿದರು:

'ಹುಲೆಪ್ಪಾ, ಇಲ್ಲಿಗಿ ಕಾಣವಲ್ಲದೋ. ಅಕ್ಷರ ದೊಡ್ಡೂ ಬರಿ!'

ಹುಲೆಪ್ಪ ಹಲಗೆಯನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿದ. ಅಷ್ಟರಲ್ಲಿ ಫೋನು ಒಮ್ಮೆ ಬಡಿದು ನಿಂತಿತು. ಬೀಳಗಿ ಬಸ್ಸು. ಅಂಗೈ ಅಗಲದ ಅಕ್ಷರಗಳಲ್ಲಿ ಬರೆಯತೊಡಗಿದ.